ಊರು ಬಿಟ್ಟು ಹೋಗಬಲ್ಲವರು: ಪ್ಲೇಗಿನ ಮುಂಬಯಿ, ಕೋವಿಡ್‌ನ ಬೆಂಗಳೂರು

ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡಿರುವುದು ಪ್ಲೇಗು ಎಂದು ವೈದ್ಯ ಅಕಾಸಿಯೊ ವಿಯೇಗಸ್ ಗುರುತಿಸಿದ್ದು 1896ರ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ 6ರಂದು ಮುನ್ಸಿಪಲ್ ಕಮಿಷನರ್ ಪಿ.ಸಿ.ಎಚ್. ಸ್ನೋ ಒಂದು ಪ್ರಕಟಣೆ ಹೊರಡಿಸಿದರು. ಶಂಕೆ ಬಂದ ಮನೆಯನ್ನು ಹೊಕ್ಕು ತೊಳೆಸಬಹುದು, ಮನೆಯವರು ಒಪ್ಪಲಿ ಬಿಡಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬಹುದು ಎಂಬುದು ಅದರ ಸಾರ. ತಿಂಗಳು ಮುಗಿಯುವ ಹೊತ್ತಿಗೆ ಅದೇ ಕಮಿಷನರ್ ಅದನ್ನು ಸಡಿಲಿಸಿದರು. ಮನೆಯಲ್ಲೇ ಬೇರೆಯಾಗಿಟ್ಟು ನೋಡಿಕೊಳ್ಳುವ ಅನುಕೂಲವಿದ್ದರೆ ರೋಗಿಯನ್ನು ಬಲವಂತವಾಗಿ ಸಾಗಿಸುವುದಿಲ್ಲ ಎಂದಾಯಿತು. ಈ ನಡುವೆ ರೋಗದ ಬಗ್ಗೆ ಹೊಸದಾಗಿ ತಿಳಿದದ್ದು ಏನೂ ಇರಲಿಲ್ಲ. ರೋಗ ಹಿಮ್ಮೆಟ್ಟಿಯೂ ಇರಲಿಲ್ಲ; ನಿಜವಾದ ಹಾವಳಿ ಇನ್ನೂ ಮುಂದಿತ್ತು. ಹಾಗಿದ್ದರೆ ತೀರ್ಮಾನ ಬದಲಾದದ್ದು ಯಾವುದರಿಂದ?

ಸಾಂಕ್ರಾಮಿಕ ರೋಗ ಬಂದಾಗ ಅಧಿಕಾರದಲ್ಲಿರುವವರು ಹೇಗೆ ನಿರ್ಧರಿಸುತ್ತಾರೆ ಎಂಬ ಚರ್ಚೆ ಸಾಮಾನ್ಯವಾಗಿ ವಿಜ್ಞಾನದ ಸುತ್ತಲೇ ಸುತ್ತುತ್ತದೆ. ತಜ್ಞರ ಮಾತಿಗೆ ಬೆಲೆ ಕೊಟ್ಟರೇ, ಅಂಕಿಅಂಶ ಸರಿಯಿತ್ತೇ, ತಡ ಮಾಡಿದರೇ ಎಂದು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಹಳೆಯ ಪ್ಲೇಗಿನ ಕಡತಗಳನ್ನು ಓದುತ್ತ ಹೋದಂತೆ ಇನ್ನೊಂದು ಪ್ರಶ್ನೆ ಮುಂದೆ ಬರುತ್ತದೆ: ಆ ಹೊತ್ತಿನಲ್ಲಿ ಊರು ಬಿಟ್ಟು ಹೋಗುವ ಶಕ್ತಿ ಯಾರಿಗಿತ್ತು? ಯಾರು ಹೋದರೆ ಊರು ನಿಲ್ಲುತ್ತಿತ್ತು? ನನ್ನ ವಾದ ಇಷ್ಟು. ರೋಗದ ತಿಳಿವಳಿಕೆಗಿಂತ ಹೆಚ್ಚಾಗಿ, ಹೋಗಿಬಿಡಬಲ್ಲವರ ಭಯವೇ ಇಂಥ ತೀರ್ಮಾನಗಳನ್ನು ತಿದ್ದಿದೆ. ಹೋಗುವ ದಾರಿ ಜನರ ಕೈಯಲ್ಲಿದ್ದಾಗ ಆಳುವವರು ತಮ್ಮ ಕ್ರಮವನ್ನು ಸಡಿಲಿಸಿದ್ದಾರೆ. ದಾರಿಯ ಬೀಗದ ಕೈ ತಮ್ಮ ಬಳಿಯೇ ಇದ್ದಾಗ ಮೊದಲು ಬೀಗ ಹಾಕಿ ನೋಡಿದ್ದಾರೆ.

ಅಂದಿನ ಮುಂಬಯಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಗರದ ಬಹುಭಾಗಕ್ಕೆ ಒಳಚರಂಡಿ ಇರಲಿಲ್ಲ. ಚಾಳುಗಳ ಹಿಂಬದಿಯಲ್ಲಿ, ಎರಡು ಕಟ್ಟಡಗಳ ನಡುವೆ ಒಬ್ಬರು ಕಷ್ಟಪಟ್ಟು ನುಸುಳುವಷ್ಟು ಇಕ್ಕಟ್ಟಾದ ಓಣಿ. ಅದಕ್ಕೆ ಹೌಸ್ ಗಲ್ಲಿ ಎಂದೇ ಹೆಸರು. ಪಾಯಿಖಾನೆಯ ಕೆಳಗಿನ ಬುಟ್ಟಿ ಆ ಓಣಿಗೆ ತೆರೆದುಕೊಳ್ಳುತ್ತಿತ್ತು. ದಿನ ಬೆಳಗಾದರೆ ಆ ಬುಟ್ಟಿಗಳನ್ನು ಖಾಲಿ ಮಾಡಿ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವರು ಹಲಾಲ್‌ಖೋರರು, ನಗರಸಭೆಯ ಲೆಕ್ಕದಲ್ಲಿ ಅತ್ಯಂತ ಕೆಳಗಿನ ನೌಕರರು. ನಾಲ್ಕೇ ದಿನ ಅವರು ಬಾರದಿದ್ದರೆ ಎಂಟು ಲಕ್ಷ ಜನರ ಊರು ಬದುಕಲು ಯೋಗ್ಯವಾಗಿ ಉಳಿಯುತ್ತಿರಲಿಲ್ಲ. ಪ್ಲೇಗಿಗೆ ಕಾರಣ ಕೊಳಕು ಎಂದೇ ನಂಬಿದ್ದ ಆಡಳಿತಕ್ಕೆ ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿರಲಿಲ್ಲ.

ಆಸ್ಪತ್ರೆಯ ಬಗ್ಗೆ ಊರಿನಲ್ಲಿ ಹಬ್ಬಿದ್ದ ಸುದ್ದಿಗಳು ಭಯಂಕರವಾಗಿದ್ದವು. ಒಳಗೆ ಒಯ್ದವರನ್ನು ತಲೆಕೆಳಗಾಗಿ ತೂಗುಹಾಕಿ ಮೊಮಿಯಾಯಿ ಎಂಬ ಔಷಧಿ ತೆಗೆಯುತ್ತಾರೆ ಎಂಬುದು ಅವುಗಳಲ್ಲೊಂದು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆಸ್ಪತ್ರೆಗೆ ಹೋದವರಲ್ಲಿ ಬಹುಪಾಲು ಜನ ಹಿಂತಿರುಗಿ ಬರುತ್ತಿರಲಿಲ್ಲ ಎಂಬುದೂ ನಿಜ, ಆ ರೋಗಕ್ಕೆ ಆಗ ಮದ್ದೇ ಇರಲಿಲ್ಲ ಎಂಬುದೂ ನಿಜ. ಅಕ್ಟೋಬರ್ ಕೊನೆಗೆ ಸಾವಿರದಷ್ಟು ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಇತ್ತ ಹಲಾಲ್‌ಖೋರರು ಊರು ಬಿಡಲು ಸಜ್ಜಾಗಿದ್ದಾರೆ ಎಂಬ ಸುದ್ದಿ. ಪ್ರಕಟಣೆ ಸಡಿಲವಾದದ್ದು ಈ ಘಳಿಗೆಯಲ್ಲಿ.

ಸ್ನೋ ಇದನ್ನು ಮುಚ್ಚಿಡಲಿಲ್ಲ. ಮುಂದಿನ ವರ್ಷ ಪ್ರಕಟವಾದ ತಮ್ಮ ವರದಿಯಲ್ಲಿ, ಜಾಡಮಾಲಿಗಳು ಓಡಿಹೋಗಿದ್ದರೆ ನಗರವೇ ಉಳಿಯುತ್ತಿರಲಿಲ್ಲ, ಅವರನ್ನು ಉಳಿಸಿಕೊಳ್ಳುವುದೇ ತಮಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು ಎಂಬ ಅರ್ಥದಲ್ಲಿ ಬರೆದುಕೊಂಡಿದ್ದಾರೆ. ಘಟನೆ ಮುಗಿದ ಮೇಲೆ ಬರೆದ ವರದಿಯಾದ್ದರಿಂದ ಅದರಲ್ಲಿ ತನ್ನನ್ನು ಸಮರ್ಥಿಸಿಕೊಳ್ಳುವ ಧಾಟಿ ಇದ್ದೇ ಇದೆ. ಆದರೂ ಆಡಳಿತಗಾರನೊಬ್ಬ ತನ್ನ ಭಯವನ್ನು ಇಷ್ಟು ಬಿಚ್ಚಿ ದಾಖಲಿಸಿದ್ದು ಅಪರೂಪ. ನನ್ನ ಮಟ್ಟಿಗೆ ಆ ವರದಿಯ ಬೆಲೆ ಇರುವುದು ಅಲ್ಲಿಯೇ, ತೊಳೆದ ಮನೆಗಳ ಲೆಕ್ಕದಲ್ಲಿ ಅಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಜಾಗವಿದೆ. ಆಡಳಿತ ಹೆದರಿದ್ದು ಗಲಭೆಗೆ, ಜನ ಊರು ಬಿಡುವುದಕ್ಕಲ್ಲ ಎನ್ನಬಹುದು. ಎರಡನ್ನೂ ಪೂರ್ತಿ ಬೇರ್ಪಡಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಗಲಭೆಗೆ ಅಂದಿನ ಸರ್ಕಾರದ ಬಳಿ ಸಿದ್ಧ ಉತ್ತರವಿತ್ತು. ಪೊಲೀಸರಿದ್ದರು, ಫೌಜು ಇತ್ತು. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ರತ್ನಾಗಿರಿಯ ಸ್ಟೀಮರ್ ಹತ್ತುವವನ ಮೇಲೆ ಬಂದೂಕು ಹಿಡಿದು ಬುಟ್ಟಿ ಹೊರಿಸಲು ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ನಿಜಕ್ಕೂ ಊರು ಖಾಲಿಯಾಯಿತು. 1897ರ ಫೆಬ್ರವರಿ ಹೊತ್ತಿಗೆ ಮುಂಬಯಿಯ ಅರ್ಧದಷ್ಟು ಜನ ಹೊರಟುಹೋಗಿದ್ದರು ಎಂದು ಅಂದಾಜು. ಗಿರಣಿಗಳ ಕಥೆ ಇಲ್ಲಿ ಬಹಳ ಹೇಳುತ್ತದೆ. ಮುಂಬಯಿಯ ಗಿರಣಿಯಲ್ಲಿ ಸಂಬಳ ತಿಂಗಳ ಲೆಕ್ಕ, ಅದೂ ವಾರಗಟ್ಟಲೆ ತಡವಾಗಿ ಕೈಸೇರುತ್ತಿತ್ತು. ಮಾಲೀಕನ ಬಳಿ ಯಾವಾಗಲೂ ದುಡಿದ ಹಣ ಬಾಕಿ ಇರುತ್ತಿದ್ದುದರಿಂದ ಕೆಲಸಗಾರ ಸುಮ್ಮನೆ ಎದ್ದು ಹೋಗುವಂತಿರಲಿಲ್ಲ. ಸಂಬಳವೇ ಬೇಡಿ. ಪ್ಲೇಗು ಬಂದದ್ದೇ ಈ ಪದ್ಧತಿ ಕುಸಿಯಿತು. ಉಳಿದ ಕೆಲಸಗಾರರು ದಿನದ ಕೂಲಿ ದಿನವೇ ಬೇಕೆಂದರು, ಮಾಲೀಕರು ಕೊಟ್ಟರು. ಬೀದಿಯ ಮೂಲೆಯಲ್ಲಿ ಒಂದು ಗಿರಣಿಯವನು ಹೇಳಿದ ಕೂಲಿಗಿಂತ ಇನ್ನೊಬ್ಬ ಹೆಚ್ಚು ಕೂಗಿ ಆಳುಗಳನ್ನು ಹಿಡಿಯುತ್ತಿದ್ದ. ಯಾವ ಮನವಿ, ಯಾವ ಮುಷ್ಕರವೂ ತರದ ಬದಲಾವಣೆಯನ್ನು ಊರು ಬಿಡುವ ಸಾಧ್ಯತೆಯೊಂದೇ ತಂದಿತು. ರೋಗ ತಗ್ಗಿ ಜನ ಹಿಂತಿರುಗಿದ ಮೇಲೆ ಮಾಲೀಕರು ಹಳೆಯ ಪದ್ಧತಿಯನ್ನು ಮತ್ತೆ ಹೇರಲು ನೋಡಿದ್ದೂ ಅಷ್ಟೇ ನಿಜ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಇಂಥದ್ದಕ್ಕೆ ಒಂದು ಚೌಕಟ್ಟು ಕೊಟ್ಟರು. ಸಂಸ್ಥೆಯೊಂದು ಕೆಟ್ಟಾಗ ಅದರೊಳಗಿನವರು ದನಿಯೆತ್ತಬಹುದು, ಇಲ್ಲವೇ ಬಿಟ್ಟು ಹೋಗಬಹುದು ಎಂಬುದು ಅದರ ತಿರುಳು. ಅವರ ಗಮನ ನಿಧಾನವಾಗಿ ಹದಗೆಡುವ ಸಂಸ್ಥೆಗಳ ಮೇಲೆ. ಪ್ಲೇಗಿನ ಊರಿನಲ್ಲಿ ದನಿಯೆತ್ತಿ ಉತ್ತರಕ್ಕೆ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇಂದು ಇದ್ದವನು ನಾಳೆ ಇಲ್ಲ ಎಂಬಂಥ ಊರದು.

1897ರ ಆರಂಭದಲ್ಲಿ ಹೊರಗಿನಿಂದ ಬೇರೊಂದು ಭಯ ಬಂತು. ಯುರೋಪಿನ ದೇಶಗಳು ಭಾರತದ ಹಡಗುಗಳ ಮೇಲೆ, ಸರಕಿನ ಮೇಲೆ ನಿರ್ಬಂಧ ಹೇರತೊಡಗಿದವು. ಫೆಬ್ರವರಿಯಲ್ಲಿ ವೆನಿಸ್‌ನಲ್ಲಿ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. ಮುಂಬಯಿಯನ್ನು ಬಿಟ್ಟು ಹೋಗುವ ಬೆದರಿಕೆ ಈಗ ಹಡಗುಗಳದ್ದು, ವ್ಯಾಪಾರದ್ದು. ಅದೇ ಫೆಬ್ರವರಿ 4ರಂದು ಭಾರತ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತರಾತುರಿಯಲ್ಲಿ ಅಂಗೀಕರಿಸಿತು. ಇಡೀ ಕಾಯಿದೆಗೆ ನಾಲ್ಕೇ ಕಲಮುಗಳು. ಸರ್ಕಾರ ತನಗೆ ತೋಚಿದ ತಾತ್ಕಾಲಿಕ ನಿಯಮ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಮಾರ್ಚ್‌ನಲ್ಲಿ ಬ್ರಿಗೇಡಿಯರ್ ಜನರಲ್ ಗಟೇಕರ್ ಅಧ್ಯಕ್ಷತೆಯಲ್ಲಿ ಪ್ಲೇಗ್ ಸಮಿತಿ ಬಂತು, ಮನೆಮನೆ ಶೋಧ ಬಿಗಿಯಾಯಿತು. ಅಂದರೆ ಹಲಾಲ್‌ಖೋರರ ಭಯವನ್ನು ಬಂದರಿನ ಭಯ ಮೀರಿಸಿತು. ಹಾಗೆಂದು ಹಳೆಯ ಪಾಠ ಪೂರ್ತಿ ಅಳಿಸಿಹೋಗಲಿಲ್ಲ. ಜಾತಿ, ಸಮುದಾಯಗಳವರು ತಮ್ಮದೇ ಪ್ಲೇಗು ಆಸ್ಪತ್ರೆಗಳನ್ನು ನಡೆಸಿಕೊಳ್ಳಲು ಗಟೇಕರ್ ಸಮಿತಿ ಅವಕಾಶ ಕೊಟ್ಟಿತು, ಅಂಥವು ಹತ್ತಾರು ತೆರೆದುಕೊಂಡವು.

ಪುಣೆಯಲ್ಲಿ ಈ ಯಾವ ತಡೆಯೂ ಇರಲಿಲ್ಲ. ಅಲ್ಲಿಗೆ ಪ್ಲೇಗು ಅಧಿಕಾರಿಯಾಗಿ ಬಂದ ಡಬ್ಲ್ಯು.ಸಿ. ರ‍್ಯಾಂಡ್ 1897ರ ಮಾರ್ಚ್ ಮಧ್ಯದಿಂದ ಮೇ ತಿಂಗಳವರೆಗೆ ಗೋರಾ ಸಿಪಾಯಿಗಳಿಂದ ಮನೆ ಶೋಧ ಮಾಡಿಸಿದರು. ದೇವರ ಕೋಣೆ, ಅಡುಗೆ ಮನೆ, ಹೆಂಗಸರ ಕೋಣೆ ಯಾವುದನ್ನೂ ಬಿಡಲಿಲ್ಲ. ಅರ್ಜಿಗಳು ಹೋದವು, ಪತ್ರಿಕೆಗಳು ಬರೆದವು, ಏನೂ ಕದಲಲಿಲ್ಲ. ಪುಣೆ ಬಂದರಲ್ಲ, ಗಿರಣಿಗಳ ಊರೂ ಅಲ್ಲ. ಅಲ್ಲಿನ ಬ್ರಾಹ್ಮಣ ಗೃಹಸ್ಥರು ಊರು ಬಿಟ್ಟು ಹೋದರೆ ಆಡಳಿತಕ್ಕೆ ನಿದ್ದೆ ಕೆಡುವ ಕಾರಣವಿರಲಿಲ್ಲ. ಅವರ ಬಳಿ ಇದ್ದದ್ದು ದನಿ ಮಾತ್ರ, ಅದೂ ಒಳ್ಳೆಯ ಇಂಗ್ಲಿಷಿನ ದನಿ. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು, ಕೆಲವು ದಿನಗಳಲ್ಲಿ ರ‍್ಯಾಂಡ್ ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಪತ್ರಿಕಾ ಬರಹಗಳಿಗಾಗಿ ರಾಜದ್ರೋಹದ ಆಪಾದನೆಯ ಮೇಲೆ ತಿಲಕರಿಗೆ ಶಿಕ್ಷೆಯಾಯಿತು. ಈ ಭಾಗ ಶಾಲೆಯ ಪಠ್ಯದಲ್ಲೂ ಇರುವುದರಿಂದ ಬೆಳೆಸುವುದಿಲ್ಲ.

ಒಂದು ಮಾತು ಮಾತ್ರ ಹೇಳಬೇಕು. ಮೇ ತಿಂಗಳಲ್ಲಿ ಪುಣೆಯಲ್ಲಿ ಪ್ಲೇಗು ಇಳಿದದ್ದನ್ನು ಶೋಧದ ಯಶಸ್ಸೆಂದು ಅಧಿಕಾರಿಗಳು ಎಣಿಸಿದರು. ಆ ಸೀಮೆಯಲ್ಲಿ ಕಡುಬೇಸಗೆಗೆ ಪ್ಲೇಗು ತಾನಾಗಿ ತಗ್ಗುತ್ತದೆ ಎಂಬುದು ಹಲವು ವರ್ಷ ನೋಡಿದ ಮೇಲಷ್ಟೇ ಗೊತ್ತಾಯಿತು. ಆ ವರ್ಷದ ಕೊನೆಗೆ ರೋಗ ಮರಳಿ ಬಂತು, ಮೊದಲಿಗಿಂತ ಜೋರಾಗಿ. ಋತುಮಾನ ಮಾಡಿದ ಕೆಲಸವನ್ನು ತನ್ನ ಖಾತೆಗೆ ಬರೆದುಕೊಳ್ಳುವ ಆಡಳಿತದ ಚಾಳಿ ಅಂದಿನದಷ್ಟೇ ಅಲ್ಲ.

ಇನ್ನು ರೋಗದ ತಿಳಿವಳಿಕೆಯ ವಿಷಯ. ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ 1894ರಲ್ಲೇ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಕಂಡಿದ್ದರು. ಆದರೆ ಅದು ಇಲಿಯ ಮೈಮೇಲಿನ ಚಿಗಟದ ಮೂಲಕ ಮನುಷ್ಯನಿಗೆ ದಾಟುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ಆಗ ನಂಬಿದವರು ಕಡಿಮೆ. 1905ರ ನಂತರ ಪ್ಲೇಗು ಸಂಶೋಧನಾ ಆಯೋಗದ ಪ್ರಯೋಗಗಳು ನಡೆದ ಮೇಲೆಯೇ ಅದು ಒಪ್ಪಿತ ಮಾತಾಯಿತು. ಹಾಗಾಗಿ 1896–97ರಲ್ಲಿ ಸುಣ್ಣ ಬಳಿದದ್ದು, ಕಾರ್ಬಾಲಿಕ್ ಆಮ್ಲ ಸುರಿದದ್ದು, ಚರಂಡಿಗೆ ಸಮುದ್ರದ ನೀರು ಹಾಯಿಸಿದ್ದು, ಹೆಂಚು ತೆಗೆಸಿದ್ದು ಎಲ್ಲವೂ ಗುರಿ ಕಾಣದೆ ಬಿಟ್ಟ ಬಾಣಗಳು. ಚರಂಡಿಗೆ ನೀರು ಹಾಯಿಸಿ ಇಲಿಗಳನ್ನು ಪಕ್ಕದ ಬೀದಿಗೆ ಓಡಿಸಿದ್ದೂ ಇರಬಹುದು.

ಈ ಹಿನ್ನೆಲೆಯಲ್ಲಿ ಕನ್ನಡ ನಾಡಿನ ಹಳ್ಳಿಗಳ ನಡವಳಿಕೆ ಗಮನಿಸತಕ್ಕದ್ದು. ಪ್ಲೇಗನ್ನು ಕಂಡ ಹಿರಿಯರು ನಮ್ಮ ತಲೆಮಾರಿನವರಿಗೆ ಹೇಳಿದ್ದು ಒಂದೇ ಮಾತು: ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು. ಸೂರಿನಿಂದ ಸತ್ತ ಇಲಿ ನೆಲಕ್ಕೆ ಬಿದ್ದದ್ದೇ ತಡ, ಪಾತ್ರೆ ಪಗಡಿ, ಕಾಳು ಕಡಿ, ದನಕರು ಸಮೇತ ಹೊಲದಲ್ಲೋ ತೋಪಿನಲ್ಲೋ ಗರಿಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುಬಿಡುತ್ತಿದ್ದರು. ಊರಿಗೆ ಮರಳುವ ಮುನ್ನ ಪ್ಲೇಗಮ್ಮನಿಗೆ ಪೂಜೆ. ಚಿಗಟದ ವಿಚಾರ ಅವರಿಗೆ ತಿಳಿದಿರಲಿಲ್ಲ. ಆದರೆ ಇಲಿ ಇರುವ ಮನೆಯನ್ನು ಬಿಟ್ಟು ಬಯಲಿಗೆ ಹೋಗುವುದಕ್ಕಿಂತ ಒಳ್ಳೆಯ ಉಪಾಯ ಅಂದಿನ ಯಾವ ವೈದ್ಯರ ಬಳಿಯೂ ಇರಲಿಲ್ಲ. ಹೊಲಕ್ಕೆ ಹೋಗುವುದು ಒಂದು ಬಗೆ, ರೈಲು ಹತ್ತಿ ಇನ್ನೊಂದು ಪೇಟೆಗೆ ಹೋಗುವುದು ಮತ್ತೊಂದು. ಮೊದಲನೆಯದು ರೋಗವನ್ನು ಹಿಂದೆ ಬಿಡುತ್ತಿತ್ತು, ಎರಡನೆಯದು ಕೆಲವೊಮ್ಮೆ ಹೊತ್ತೊಯ್ಯುತ್ತಿತ್ತು. ಆಡಳಿತಕ್ಕೆ ಮೊದಮೊದಲು ಎರಡೂ ಒಂದೇ ಆಗಿ ಕಂಡವು: ಜನ ಓಡಿಹೋಗುತ್ತಿದ್ದಾರೆ!

ರೈಲಿನ ದಾರಿ ಹಿಡಿದೇ ರೋಗ ದಕ್ಷಿಣಕ್ಕೆ ಬಂತು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರು. ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್, ಹತ್ತಿ ಗಿರಣಿ ಇದ್ದ ಊರು. 1898ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ ಆಡಳಿತ ಹಿಡಿದ ಹಾದಿ ಪುಣೆಯದ್ದಾಗಿರಲಿಲ್ಲ. ವಿಜ್ಞಾನಿ ಹಾಫ್‌ಕಿನ್ ರೂಪಿಸಿದ್ದ ಪ್ಲೇಗು ಲಸಿಕೆಯನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಚುಚ್ಚಿಸಿಕೊಂಡವರಿಗೆ ಪ್ಲೇಗಿನ ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿ ಮುಂಬಯಿ ಪ್ರಾಂತ್ಯದಲ್ಲಿ ಬಳಕೆಗೆ ಬಂತು. ಅಂದರೆ ಓಡಾಡುವ ಸ್ವಾತಂತ್ರ್ಯವೇ ಲಸಿಕೆ ಹಾಕಿಸಿಕೊಂಡದ್ದಕ್ಕೆ ಸಿಕ್ಕ ಪ್ರತಿಫಲ. ರೈಲ್ವೆ ಮತ್ತು ಗಿರಣಿಯ ಕೆಲಸಗಾರರನ್ನು ಹೆದರಿಸಿ ಓಡಿಸಿದರೆ ಊರಿನ ಕಸುಬೇ ನಿಲ್ಲುತ್ತದೆ ಎಂಬ ಅರಿವು ಈ ಹೊಸ ಧೋರಣೆಯ ಹಿಂದೆ ಇತ್ತೆಂದು ಊಹಿಸುತ್ತೇನೆ. ಇದು ಊಹೆಯೇ, ಆದರೆ ಮುಂಬಯಿಯ ಅನುಭವಕ್ಕೆ ಹೊಂದುವ ಊಹೆ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರು ತಲುಪಿತು. ಒಂದೇ ಊರಿಗೆ ಅಲ್ಲಿ ಇಬ್ಬರು ಯಜಮಾನರು: ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು. 1891ರ ಜನಗಣತಿಯಲ್ಲಿ ಎರಡೂ ಸೇರಿ 1 ಲಕ್ಷ 80 ಸಾವಿರ ಇದ್ದ ಜನಸಂಖ್ಯೆ 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿಯಿತು. ಇದರಲ್ಲಿ ಸತ್ತವರೂ ಇದ್ದಾರೆ, ಊರು ಬಿಟ್ಟವರೂ ಇದ್ದಾರೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾವ್ ಕೆಲಸ ಮಾಡಿದರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿನ ನೌಕರಿಗೆ ಬಂದಿದ್ದ ಡಾ. ಪಲ್ಪು ಇಲ್ಲಿನ ಪ್ಲೇಗು ಶಿಬಿರದಲ್ಲಿ ದುಡಿದರು. ಇಲ್ಲೂ ಬಲವಂತದ ಕ್ರಮಗಳಿದ್ದವು. ಆದರೆ ಮೈಸೂರು ಸರ್ಕಾರ ಮಾಡಿದ ಒಂದು ಕೆಲಸ ನನ್ನ ವಾದಕ್ಕೆ ಮುಖ್ಯ. ಮೊದಲೇ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಪ್ಲೇಗಿನ ಕಾರಣದಿಂದ ಬೇಗ ಮೈದಳೆದವು. ಊರು ಬಿಡಬೇಡಿ ಎನ್ನುವ ಬದಲು ಹೋಗಲು ಜಾಗವನ್ನು ಸರ್ಕಾರವೇ ತೋರಿಸಿತು. ಅಗಲವಾದ ಬೀದಿ, ಮನೆಗೂ ಮನೆಗೂ ನಡುವೆ ಗಾಳಿ ಬೆಳಕು. ಅಲ್ಲಿ ನಿವೇಶನ ಕೊಳ್ಳಲು ಆಗದವರು ಪೇಟೆಯ ಗಲ್ಲಿಗಳಲ್ಲೇ ಉಳಿದರು. ಬಿಟ್ಟು ಹೋಗುವ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದಕ್ಕೆ ಬೆಂಗಳೂರಿನ ನಕ್ಷೆಯೇ ಸಾಕ್ಷಿ.

ಮುಂಬಯಿಯಲ್ಲಿ 1898ರ ಮಾರ್ಚ್‌ನಲ್ಲಿ ಮತ್ತೆ ಗಲಭೆಯಾಯಿತು, 1900ರಲ್ಲಿ ಕಾನ್ಪುರದಲ್ಲಿ ಆಯಿತು. ಅಷ್ಟು ಹೊತ್ತಿಗೆ ಸರ್ಕಾರ ಬಲವಂತದ ನೀತಿಯನ್ನೇ ಹೆಚ್ಚುಕಡಿಮೆ ಕೈಬಿಟ್ಟಿತ್ತು. ಕಾಯಿದೆ ಮಾತ್ರ ಉಳಿಯಿತು.

2020ರ ಮಾರ್ಚ್‌ನಲ್ಲಿ ಕರ್ನಾಟಕ ಅದನ್ನು ಬಳಕೆಗೆ ತಂದಿತು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ದಿನಗಳಲ್ಲೇ 1897ರ ಕಾಯಿದೆಯಡಿ ನಿಯಮಗಳನ್ನು ಹೊರಡಿಸಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ನಂತರ ರಾಷ್ಟ್ರವ್ಯಾಪಿ ಲಾಕ್‌ಡೌನ್. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು: ಕಾರ್ಮಿಕರು ಇದ್ದಲ್ಲೇ ಇರಬೇಕು, ಗಡಿ ದಾಟುವಂತಿಲ್ಲ, ಮಾಲೀಕರು ಕಡಿತವಿಲ್ಲದೆ ಕೂಲಿ ಕೊಡಬೇಕು, ಮನೆ ಮಾಲೀಕರು ಒಂದು ತಿಂಗಳ ಬಾಡಿಗೆ ಕೇಳಬಾರದು. ಕಾಗದದ ಮೇಲೆ ಸಮತೋಲನವಿತ್ತು. ಆದರೆ ಗಡಿಯಲ್ಲಿ ಪೊಲೀಸರಿದ್ದರು, ಕೂಲಿ ಕೊಡಿಸಲು ಯಾರಿದ್ದರು?

ಮೇ 1ರಿಂದ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳಿಗೆ ಅನುಮತಿ ಸಿಕ್ಕಿತು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಬಿಹಾರ, ಒಡಿಶಾ, ಜಾರ್ಖಂಡ್‌ನವರು ಊರಿಗೆ ಹೊರಡತೊಡಗಿದರು. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರ್‌ಗಳ ಪ್ರತಿನಿಧಿಗಳನ್ನು ಭೇಟಿಯಾದರು. ಅದೇ ದಿನ ರಾಜ್ಯ ಸರ್ಕಾರ ನೈರುತ್ಯ ರೈಲ್ವೆಗೆ ಪತ್ರ ಬರೆದು, ನಾಳೆಯಿಂದ ರೈಲು ಬೇಕಾಗಿಲ್ಲ, ಹಿಂದಿನ ಕೋರಿಕೆಯನ್ನು ಹಿಂಪಡೆದಿದ್ದೇವೆ ಎಂದು ತಿಳಿಸಿತು. ಕಾರ್ಮಿಕರ ಅನಗತ್ಯ ಪ್ರಯಾಣವನ್ನು ತಡೆಯಬೇಕು, ಕೆಲಸ ಮತ್ತೆ ಶುರುವಾಗುತ್ತಿದೆ ಎಂಬ ಸಮರ್ಥನೆ ಕೇಳಿಬಂತು. ದೇಶದೆಲ್ಲೆಡೆಯಿಂದ ಟೀಕೆ ಬಂದ ಮೇಲೆ, ಮೇ 7ರಂದು, ರೈಲು ಮತ್ತೆ ಓಡಿಸಲು ಸರ್ಕಾರ ಒಪ್ಪಿತು.

ಸ್ನೋ ಅವರಿಗೂ ಈ ಸರ್ಕಾರಕ್ಕೂ ಇದ್ದ ಭಯ ಒಂದೇ: ದುಡಿಯುವವರು ಹೋದರೆ ಊರು ನಿಲ್ಲುತ್ತದೆ. ಎರಡೂ ಕಡೆ ಮೊದಲ ತೀರ್ಮಾನ ತಿಂಗಳೊಳಗೆ ಬದಲಾಯಿತು. ವ್ಯತ್ಯಾಸ ಇರುವುದು ದಾರಿ ಯಾರ ಕೈಯಲ್ಲಿತ್ತು ಎಂಬುದರಲ್ಲಿ. 1896ರ ಅಕ್ಟೋಬರ್‌ನಲ್ಲಿ ಮುಂಬಯಿಯಿಂದ ಹೊರಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರೈಲು ತಪಾಸಣೆಯ ಬಿಗಿ ಬಂದದ್ದು ಆಮೇಲೆ. ಹಾಗಾಗಿ ಆಡಳಿತ ತನ್ನ ಕಾಠಿಣ್ಯವನ್ನು ಬಿಟ್ಟುಕೊಟ್ಟಿತು, ಗಿರಣಿ ಮಾಲೀಕ ಕೂಲಿ ಏರಿಸಿದ. 2020ರಲ್ಲಿ ಬಸ್ಸಿಲ್ಲ, ಹೋಟೆಲಿಲ್ಲ, ಗಡಿ ಬಂದ್. ಹಳಿಯ ಮೇಲೆ ಓಡುವ ಒಂದೊಂದು ಗಾಡಿಯೂ ಎರಡು ಸರ್ಕಾರಗಳ ಕಾಗದದಿಂದ ಹೊರಡಬೇಕಿತ್ತು. ಕಾರ್ಮಿಕರನ್ನು ಉಳಿಸಿಕೊಳ್ಳಲು ಕೂಲಿ ಏರಿಸುವುದಕ್ಕಿಂತ ಗಾಡಿ ನಿಲ್ಲಿಸುವುದು ಅಗ್ಗವಾಗಿತ್ತು.

ಇನ್ನೊಂದು ವ್ಯತ್ಯಾಸ ದಾಖಲೆಯದು. ವಸಾಹತು ಅಧಿಕಾರಿ ತನ್ನ ಭಯವನ್ನು ಪುಟಗಟ್ಟಲೆ ಬರೆದಿಟ್ಟ. ಚುನಾಯಿತ ಸರ್ಕಾರದ ಪತ್ರದಲ್ಲಿ ರೈಲು ಬೇಡ ಎಂಬುದಕ್ಕೆ ಕಾರಣವಿರಲಿಲ್ಲ. ಕಾರಣವನ್ನು ನಾವು ಆ ದಿನದ ಸಭೆಯಿಂದ, ಹೇಳಿಕೆಗಳಿಂದ ಕೂಡಿಸಿಕೊಳ್ಳಬೇಕು. ಬಿಕ್ಕಟ್ಟಿನ ನಿರ್ಧಾರಗಳನ್ನು ಅಭ್ಯಾಸ ಮಾಡುವವರಿಗೆ ಇದು ಸಣ್ಣ ತೊಡಕಲ್ಲ.

ರೈಲು ಮರಳಿ ಸಿಕ್ಕರೂ ವಿಷಯ ಮುಗಿಯಲಿಲ್ಲ. ಟಿಕೆಟ್ಟಿನ ಹಣ ಯಾರು ಕೊಡಬೇಕೆಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಕೈಯಲ್ಲಿ ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಊರಿಗೆ ಹೋಗುವ ಅವಕಾಶ ಕಳೆದುಕೊಳ್ಳಬಾರದು ಎಂಬುದು ಮೇಲ್ನೋಟಕ್ಕೆ ತನಗೆ ಕಂಡ ಅಭಿಪ್ರಾಯವೆಂದು ನ್ಯಾಯಾಲಯ ಹೇಳಿತು. ಅದೇ ಮೇ 17ರಂದು ಕೇಂದ್ರ ಗೃಹ ಸಚಿವಾಲಯ ಹೊಸ ಮಾರ್ಗಸೂಚಿ ಹೊರಡಿಸಿದಾಗ, ಲಾಕ್‌ಡೌನ್ ಅವಧಿಗೆ ಪೂರ್ತಿ ಕೂಲಿ ಕೊಡಬೇಕೆಂಬ ಮಾರ್ಚ್ 29ರ ನಿರ್ದೇಶನ ಜಾರಿಯಲ್ಲಿ ಉಳಿಯಲಿಲ್ಲ.